ಏಳು ಸಾವಿರದ ಆರುನೂರು ಸುತ್ತು

ನಳಿನಾಕ್ಷಿ ಸೀರೆಯ ನೆರಿಗೆಯನ್ನು ಮೂರನೆಯ ಸಲ ಬಿಚ್ಚಿ ಮತ್ತೆ ಹಿಡಿಯುತ್ತಿದ್ದಳು. ಅಡುಗೆಮನೆಯಿಂದ ಚಹಾದ ಲೋಟ ಹಿಡಿದು ಬಂದ ಗಂಡ ವಾಸುವಿಗೆ ನಗು ತಡೆಯಲಾಗಲಿಲ್ಲ.

"ಎಂತದು ಮಾರಾಯ್ತಿ, ಗಿಟಾರ್ ನೋಡ್ಲಿಕ್ಕೆ ಹೋಗುದಾ, ಮಗಳಿಗೆ ಗಂಡು ನೋಡ್ಲಿಕ್ಕೆ ಹೋಗುದಾ?"

"ನಮಗೆ ಮಗಳೇ ಇಲ್ಲ. ನೀವು ಸುಮ್ಮನಿರಿ. ಅಲ್ಲಿ ಎಲ್ಲ ದೊಡ್ಡ ದೊಡ್ಡ ಆಫೀಸಿನವರು ಬರ್ತಾರಂತೆ."

"ಬರ್ಲಿ. ಗಿಟಾರ್ ಹಾಳಾದ್ರೆ ಅವರು ಆಫೀಸಿಗೆ ತಕೊಂಡು ಹೋಗುದಿಲ್ಲ. ನಿನ್ನ ಗಾಲಕ್ಕೇ ಬರುದು."

ಮಾತು ಸುಳ್ಳಲ್ಲ. ಉಲ್ಹಾಸನಗರದ ಒಂದು ಕಾರ್ಖಾನೆ ಕಟ್ಟಡದ ನೆಲಮಾಳಿಗೆಯಲ್ಲಿ ನಳಿನಾಕ್ಷಿಯದೇ ಒಂದು ಗಾಲಾ ಇತ್ತು. ಮೋಟಾರುಗಳಿಗೆ ತಂತಿ ಸುತ್ತುವ ಪುಟ್ಟ ಅಂಗಡಿ. ಕಾರ್ಕಳದ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದಾಗ ಅವಳ ಓದು ಎಂಟನೆಯ ತರಗತಿಗೆ ನಿಂತಿತ್ತು. ಹಗಲು ಒಂದು ಫ್ಯಾನ್ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಸಂಜೆ ರಾತ್ರಿಶಾಲೆಯಲ್ಲಿ ಹತ್ತನೆಯದನ್ನು ಮುಗಿಸಿ, ಆಮೇಲೆ ಸಂಜೆಯ ತರಗತಿಯಲ್ಲೇ ವೈಂಡಿಂಗ್ ಕಲಿತಳು. ಆ ತರಗತಿಯಲ್ಲಿ ಮೂವತ್ತು ಜನ, ಹೆಂಗಸು ಅವಳೊಬ್ಬಳೇ. ಆವತ್ತಿನಿಂದ ಇವತ್ತಿನವರೆಗೆ ಫ್ಯಾನು, ಮಿಕ್ಸಿ, ನೀರಿನ ಪಂಪು, ಲಿಫ್ಟಿನ ಮೋಟಾರು ಎಂದು ಇಪ್ಪತ್ತನಾಲ್ಕು ವರ್ಷ ಸುತ್ತಿದ್ದಾಳೆ. ಪ್ರತಿಯೊಂದು ಕೆಲಸ ಮುಗಿದಾಗಲೂ ಒಂದು ಚೀಟಿ ಬರೆದು ಅಂಟಿಸುತ್ತಾಳೆ: ಎಷ್ಟು ಸುತ್ತು, ತಂತಿ ಎಷ್ಟು ದಪ್ಪ, ಯಾವ ದಿನ. ನಳಿನಾಕ್ಷಿಯ ಚೀಟಿ ಇದ್ದರೆ ಉಲ್ಹಾಸನಗರದಿಂದ ಶಹಾಡ್‌ವರೆಗೆ ಯಾವ ಮೆಕ್ಯಾನಿಕನೂ ಮೋಟಾರು ಬಿಚ್ಚಿ ಎಣಿಸುವುದಿಲ್ಲ. ಚೀಟಿ ನೋಡಿ ಮುಂದಿನ ಕೆಲಸ ಮಾಡುತ್ತಾನೆ.

ಇಂದು ಅವಳನ್ನು ಕೊರೆಯುತ್ತಿದ್ದುದು ಅಂಥದೇ ಒಂದು ಚೀಟಿ. ಅದರಲ್ಲಿ ಅವಳು ಬರೆದದ್ದು ಸುಳ್ಳು.

ಅದು ಹೀಗಾಗಿತ್ತು. ಸುಪ್ರೀತ್ ಎಂಬ ಬೆಂಗಳೂರಿನ ಹುಡುಗ, ಐರೋಲಿಯಲ್ಲಿ ಐಟಿ ಕೆಲಸ, ಕಲ್ಯಾಣದ ಹೊಸ ಬಿಲ್ಡಿಂಗಿನಲ್ಲಿ ವಾಸ. ಅವರ ಹೌಸಿಂಗ್ ಸೊಸೈಟಿಯ ಪಂಪು ಸುಟ್ಟುಹೋದಾಗ ಕಮಿಟಿಯವನೆಂದು ವಿಚಾರಿಸಲು ಬಂದವನು, ನಳಿನಾಕ್ಷಿ ಕೂದಲಿನಷ್ಟು ತೆಳ್ಳಗಿನ ತಂತಿಯಿಂದ ಒಂದು ರಿಲೇ ಕಾಯಿಲ್ ಸುತ್ತುತ್ತಿದ್ದುದನ್ನು ಕಂಡು ಅಲ್ಲೇ ನಿಂತುಬಿಟ್ಟ. ಮರುದಿನ ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಹತ್ತಿ ಹಾಸಿ, ಬೆರಳುದ್ದದ ಒಂದು ವಸ್ತುವನ್ನು ತಂದ. ಅದರ ಹೆಸರು ಪಿಕಪ್. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಕೂರುವ, ಅಯಸ್ಕಾಂತಕ್ಕೆ ತಂತಿ ಸುತ್ತಿದ ಸುರುಳಿ. ಮೇಲಿನ ತಂತಿಯ ನಡುಕವನ್ನು ಹಿಡಿಯುವುದು ಅದೇ. ಅವನ ಗಿಟಾರು ಜಪಾನಿನದು, ಅವನಿಗಿಂತ ಹದಿನೈದು ವರ್ಷ ಹಿರಿಯದು. ಈ ಒಂದು ಪಿಕಪ್ ಸತ್ತಿತ್ತು. ಅಂಗಡಿಯವರೆಲ್ಲ ಬಿಸಾಡಿ ಹೊಸದು ಹಾಕಿ ಎಂದಿದ್ದರು.

"ಹೊಸದು ಹಾಕಿದ್ರೆ ಅದು ಅದೇ ಗಿಟಾರ್ ಆಗಲ್ಲ ಆಂಟಿ. ನಿಮ್ಮ ಕೈಲಿ ಆಗುತ್ತಾ?"

ಹಳೆಯ ತಂತಿಯನ್ನು ಎಳೆಎಳೆಯಾಗಿ ಬಿಚ್ಚಿ ಎಣಿಸುವುದಕ್ಕೇ ಎರಡು ಸಂಜೆ ಹಿಡಿಯಿತು. ಏಳು ಸಾವಿರದ ಆರುನೂರು ಸುತ್ತು. ಮೂರನೆಯ ಸಂಜೆ ಅಷ್ಟನ್ನೇ ಹೊಸದಾಗಿ ಸುತ್ತಲು ಕೂತಳು. ಐದು ಸಾವಿರ ದಾಟಿದ ಮೇಲೆ ಒಮ್ಮೆ ತಂತಿ ತುಂಡಾಯಿತು. ಒಳ್ಳೆಯ ತುದಿ ಸಿಗುವವರೆಗೆ ಕೈಯಿಂದ ಹಿಂದಕ್ಕೆ ಬಿಚ್ಚುತ್ತಿದ್ದಾಗ ಲಿಫ್ಟ್ ನಿಂತಿದೆಯೆಂದು ಯಾವುದೋ ಸೊಸೈಟಿಯ ಸೆಕ್ರೆಟರಿಯ ಫೋನು. ಒಂದು ಕಿವಿಯಲ್ಲಿ ಅವನ ಕೂಗಾಟ ಕೇಳುತ್ತ, ತುದಿ ಹಿಡಿದು ಬೆಸುಗೆ ಹಾಕಿ, ಮುಂದೆ ಸುತ್ತಿದಳು. ಎಣಿಸುವ ಯಂತ್ರ ಮುಂದಕ್ಕೆ ಮಾತ್ರ ಓಡುತ್ತದೆ, ಹಿಂದಕ್ಕೆ ಬಿಚ್ಚಿದ್ದು ಅದಕ್ಕೆ ತಿಳಿಯುವುದಿಲ್ಲ. ಬಿಚ್ಚಿದ ಲೆಕ್ಕವನ್ನು ಸುತ್ತುವವರು ಪಕ್ಕದಲ್ಲಿ ಬರೆದುಕೊಂಡು ಅಷ್ಟನ್ನು ಮತ್ತೆ ಸೇರಿಸಬೇಕು. ಸಂಜೆಯ ತರಗತಿಯ ಮೊದಲ ವಾರವೇ ಕಲಿಸಿದ್ದು ಅದು. ಅಂದು ಅವಳು ಬರೆದುಕೊಳ್ಳಲಿಲ್ಲ. ಯಂತ್ರ ಏಳು ಸಾವಿರದ ಆರುನೂರು ತೋರಿಸಿದಾಗ ನಿಲ್ಲಿಸಿದಳು. ಬಿಚ್ಚಿದ್ದು ಎಂಬತ್ತೋ, ನೂರಿಪ್ಪತ್ತೋ? ಬಾಗಿಲಲ್ಲಿ ಸುಪ್ರೀತ್ ಚಿಕ್ಕ ಮಗುವಿನಂತೆ ಕಾಲು ಬದಲಿಸುತ್ತ ನಿಂತಿದ್ದ. ಕೈ ತಾನಾಗಿ ಚೀಟಿ ಬರೆಯಿತು: 7600.

ಅಂದಿನಿಂದ ಹದಿನೇಳು ದಿನ. ಪ್ರತಿದಿನ ಫೋನು ಕೈಗೆತ್ತಿಕೊಂಡಳು, ಪ್ರತಿದಿನ ಕೆಳಗಿಟ್ಟಳು. ಅಷ್ಟರಲ್ಲಿ ಅವನೇ ಫೋನು ಮಾಡಿದ. ಠಾಣೆ ನಗರದ ಒಂದು ಸೊಸೈಟಿಯಲ್ಲಿ ತಿಂಗಳಿಗೊಮ್ಮೆ ಗಿಟಾರಿನ ಹುಚ್ಚಿನ ಕನ್ನಡದವರೆಲ್ಲ ಸೇರುತ್ತಾರೆ, ಅವರವರ ಗಿಟಾರು ತಂದು ತೋರಿಸುತ್ತಾರೆ, ಈ ಸಲ ಆಂಟಿ ಬರಲೇಬೇಕು. ಅವನು ಒಬ್ಬನೇ ಸಿಕ್ಕ ಕೂಡಲೇ ಹೇಳಿಬಿಡುವುದು, ಎಂದು ನಿರ್ಧರಿಸಿ ನಳಿನಾಕ್ಷಿ ಹತ್ತು ಗಂಟೆಯ ಸ್ಲೋ ಲೋಕಲ್ ರೈಲು ಹತ್ತಿದಳು.

ಆದರೆ ಅವನು ಒಬ್ಬನೇ ಸಿಗಲಿಲ್ಲ. ಸೊಸೈಟಿಯ ಕ್ಲಬ್‌ಹೌಸಿಗೆ ಅವಳು ಕಾಲಿಡುವಾಗಲೇ ಒಳಗೆ ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿದ್ದರು. ಉದ್ದನೆಯ ಮೇಜಿನ ಮೇಲೆ ದಪ್ಪ ಕೌದಿ ಹಾಸಿ, ಅದರ ಮೇಲೆ ಗಿಟಾರುಗಳನ್ನು ಮಲಗಿಸಿದ್ದರು. ಕಿಟಕಿಯ ಬಿಸಿಲು ಬಿದ್ದು ಒಂದು ನೇರಳೆಹಣ್ಣಿನಂತೆ ಹೊಳೆಯುತ್ತಿತ್ತು, ಒಂದು ಜೇನಿನ ಬಣ್ಣದ್ದು. ಒಂದರ ಮೈತುಂಬ ಯಾರೋ ಮೀನುಗಳ ಚಿತ್ರ ಬರೆದಿದ್ದರು. ಹೊಸ ಮೋಟಾರಿನ ತಾಮ್ರ ಕಂಡಾಗ ಅವಳಿಗೆ ಮುಟ್ಟಬೇಕೆನಿಸುತ್ತದೆ. ಈಗಲೂ ಹಾಗೇ ಆಯಿತು. ಕೈ ತಾನಾಗಿ ಮುಂದೆ ಹೋಯಿತು.

"ಒಂದ್ನಿಮಿಷ, ಒಂದ್ನಿಮಿಷ!" ಎಂದರು ಬಿಳಿಗಡ್ಡದ ಹಿರಿಯರು. ಅನಂತರಾಮ, ಮೈಸೂರಿನವರು, ಹಣಕಾಸು ಕಂಪನಿಯೊಂದರಿಂದ ನಿವೃತ್ತರು, ಮನೆಯಲ್ಲಿ ಒಂಬತ್ತು ಗಿಟಾರುಗಳ ಒಡೆಯರು. ಈ ಕೂಟದ ಯಜಮಾನಿಕೆ ಅವರದೇ. "ತಪ್ಪು ತಿಳ್ಕೋಬೇಡಿ. ಇಲ್ಲಿ ಒಂದು ಪದ್ಧತಿ ಇದೆ. ಬೇರೆಯವರ ಗಿಟಾರ್ ಮುಟ್ಟೋ ಮುಂಚೆ ಮೈಮೇಲಿನ ಲೋಹ ಎಲ್ಲ ಈ ಬುಟ್ಟಿಗೆ. ವಾಚು, ಉಂಗುರ, ಬೆಲ್ಟು. ಗೀರು ಬಿದ್ರೆ ಸ್ನೇಹ ಹೋಗುತ್ತೆ."

ಬುಟ್ಟಿಯಲ್ಲಿ ಆಗಲೇ ಒಂದು ರಾಶಿ ಇತ್ತು. ಬೆಲ್ಟು ಬಿಚ್ಚಿಟ್ಟು ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡಿದ್ದ ದಪ್ಪ ಆಸಾಮಿಯೊಬ್ಬ ನಕ್ಕ. "ಬರ್ರಿ ಅಕ್ಕಾರ. ನೋಡ್ರಿ ನನ್ನ ಗತಿ. ಎರಡು ತಾಸು ಹಿಂಗ ನಿಂದರಬೇಕು." ಅವನ ಹೆಸರು ಬಾಗಿ, ವಿಜಾಪುರದ ಕಡೆಯವನು, ಕಳಂಬೋಲಿಯ ಕಬ್ಬಿಣ ಮಾರ್ಕೆಟ್ಟಿನಲ್ಲಿ ವ್ಯಾಪಾರ.

ನಳಿನಾಕ್ಷಿ ಬಳೆಗಳನ್ನು ತೆಗೆದು ಬುಟ್ಟಿಯಲ್ಲಿಟ್ಟಳು. ಕರಿಮಣಿಯನ್ನು ಯಾರೂ ಹೇಳುವ ಮೊದಲೇ ಬೆನ್ನಿನ ಕಡೆಗೆ ತಿರುಗಿಸಿ ರವಿಕೆಯೊಳಗೆ ಸೇರಿಸಿದಳು. ಗಾಲಾದಲ್ಲಿ ದಿನವೂ ಮಾಡುವುದೇ. ಅನಂತರಾಮರ ಹುಬ್ಬು ಮೇಲೇರಿತು. "ಇವರಿಗೆ ಕೆಲಸ ಗೊತ್ತು," ಎಂದರು ಸುಪ್ರೀತನ ಕಡೆ ತಿರುಗಿ.

"ನಾನ್ ಹೇಳ್ಲಿಲ್ವಾ ಸರ್!" ಎಂದ ಸುಪ್ರೀತ್.

"ಸುಪ್ರೀತ್ ಅವರೇ, ಒಂದು ಮಾತಿತ್ತು..." ಎಂದಳು ನಳಿನಾಕ್ಷಿ.

"ಎಲ್ಲ ಆಮೇಲೆ ಆಂಟಿ, ಶುರು ಆಗ್ತಿದೆ," ಎಂದು ಅವನು ಅವಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿಬಿಟ್ಟ.

ಕೂಟಕ್ಕೆ ಇನ್ನೊಂದು ಪದ್ಧತಿಯಿತ್ತು. ಯಾರೂ ತಮ್ಮ ಗಿಟಾರನ್ನು ನೇರವಾಗಿ ಹೊಗಳುವಂತಿಲ್ಲ. ಮೊದಲು ಅದರ ಒಂದು ಐಬು, ಒಂದು ಕುಂದು ಹೇಳಬೇಕು. ಐಬು ಹೇಳಿದ ಮೇಲೆ ಎಷ್ಟು ಬೇಕಾದರೂ ಕೊಚ್ಚಿಕೊಳ್ಳಬಹುದು, ಯಾರೂ ಅಡ್ಡ ಬರುವುದಿಲ್ಲ. ಹೇಳಿದ್ದನ್ನೆಲ್ಲ ಅನಂತರಾಮರು ಕೆಂಪು ರಟ್ಟಿನ ಪುಸ್ತಕವೊಂದರಲ್ಲಿ ಶಾಯಿಪೆನ್ನಿನಿಂದ ಬರೆಯುತ್ತಿದ್ದರು. ಆ ಪುಸ್ತಕಕ್ಕೆ ಅವರು ಇಟ್ಟ ಹೆಸರು ಜಾತಕ. ಯಾವ ಗಿಟಾರು ಎಲ್ಲಿ ಹುಟ್ಟಿತು, ಯಾರ ಕೈ ದಾಟಿ ಬಂತು, ಎಲ್ಲಿ ಏಟು ತಿಂದಿದೆ, ಎಲ್ಲವೂ ಅದರಲ್ಲಿ. ಗಿಟಾರು ಒಬ್ಬರಿಂದ ಒಬ್ಬರಿಗೆ ಹೋಗುವಾಗ ಜಾತಕದ ಹಾಳೆಯೂ ನಕಲಾಗಿ ಹೋಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅದರಲ್ಲಿ ಒಂದು ಕಡೆಯೂ ಅಡ್ಡಗೀಟು ಬಿದ್ದಿಲ್ಲ ಎಂಬುದು ಅವರ ಹೆಮ್ಮೆ.

ಮೊದಲು ಎದ್ದವನು ಬಾಗಿ, ಒಂದು ಕೈಯಲ್ಲಿ ಪ್ಯಾಂಟು, ಒಂದು ಕೈಯಲ್ಲಿ ಗಿಟಾರು. ಅದರ ಮುಖಕ್ಕೆ ಕನ್ನಡಿಯಂಥ ಉಕ್ಕಿನ ತಗಡು ಹೊದಿಸಿತ್ತು.

"ಐಬು: ಮಳಿಗಾಲದಾಗ ತುಕ್ಕು ಹಿಡೀತದ್ರಿ. ದಿನಾ ಎಣ್ಣಿ ಹಚ್ಚಬೇಕು. ನಮ್ಮ ಮನಿಯಾಕಿ ಅಂತಾಳ, 'ನನ್ನ ತಲಿಗೆ ಒಂದ್ ದಿನಾ ಎಣ್ಣಿ ಹಚ್ಚಿಲ್ಲ, ಅದಕ್ಕ ಹಚ್ಚತೀರಿ' ಅಂತ. ಈಗ ಕೇಳ್ರಿ. ದಿನಾ ಇಪ್ಪತ್ತು ಟನ್ ಕಬ್ಬಿಣ ಮಾರತೀನಿ. ಅದರಾಗ ಈ ಒಂದು ತಗಡು ಮಾತ್ರ ನನಗಂತ ತಗದಿಟ್ಟೆ. ನಾನೇ ಕತ್ತರಿಸೇನಿ, ನಾನೇ ತಿಕ್ಕೇನಿ. ಅಮೆರಿಕಾದಾಗೂ ಇಂಥಾದ್ದು ಇನ್ನೊಂದಿಲ್ಲ!"

ಅವನು ಒಮ್ಮೆ ಮೀಟಿದ. ದೊಡ್ಡ ಪಾತ್ರೆಯ ಅಂಚಿಗೆ ಸೌಟು ತಾಗಿದಂಥ ಉದ್ದನೆಯ ನಾದ. ಎಲ್ಲರೂ ಓ ಎಂದರು.

ಮೀನಿನ ಚಿತ್ರದ ಗಿಟಾರು ಅಪೇಕ್ಷಾ ಎಂಬ ಹುಡುಗಿಯದು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಮನೆಯವರು ಕನ್ನಡದಲ್ಲಿ ಮಾತಾಡಿದರೆ ಹಿಂದಿಯಲ್ಲಿ ಉತ್ತರ ಕೊಡುವ ಪೈಕಿ. "ಐಬು? ತೀಸ್ರಾ ತಾರ್ ಕಭೀ ಸುರ್ ಮೇ ನಹೀ ರೆಹತಾ. ಬಿಲ್ಕುಲ್ ಮೇರೇ ಜೈಸಾ," ಎಂದು, ಮೂರನೆಯ ತಂತಿ ತನ್ನಂತೆಯೇ ಎಂದೂ ಶ್ರುತಿಯಲ್ಲಿ ನಿಲ್ಲುವುದಿಲ್ಲವೆಂದು ನಕ್ಕು, ಆಮೇಲೆ ಒಂದೊಂದೇ ಮೀನನ್ನು ತೋರಿಸಿ ಅದನ್ನು ಯಾವ ಪರೀಕ್ಷೆಗೆ ಓದದೆ ಬರೆದದ್ದೆಂದು ಹೇಳಿದಳು. ಅನಂತರಾಮರ ಜೇನುಬಣ್ಣದ ಗಿಟಾರಿನ ಕುತ್ತಿಗೆ ಒಮ್ಮೆ ಮುರಿದು ಅಂಟು ಹಾಕಿದ್ದು. ಅದನ್ನು ಹೇಳುವಾಗ ಅವರ ದನಿ ಮನೆಯವರೊಬ್ಬರ ಆಪರೇಷನ್ ವಿಷಯ ಹೇಳಿದಂತೆ ತಗ್ಗಿತು. ಹೊಗಳುವಾಗ ಇಪ್ಪತ್ತು ನಿಮಿಷ ತಗ್ಗಲೇ ಇಲ್ಲ. ನಳಿನಾಕ್ಷಿಗೆ ಈ ಜನ ಇಷ್ಟವಾಗಿಬಿಟ್ಟರು. ಸಾಮಾನನ್ನು ಹೀಗೆ ಪ್ರೀತಿಸುವವರು ತನ್ನೊಬ್ಬಳನ್ನು ಬಿಟ್ಟು ಬೇರೆ ಇದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟವಾದಷ್ಟೂ ಚೀಟಿಯ ಮಾತು ಹೇಳುವುದು ಕಷ್ಟವಾಯಿತು.

ಕೊನೆಗೆ ಸುಪ್ರೀತ್. ಅವನ ಗಿಟಾರಿಗೆ ಹೊಳಪಿರಲಿಲ್ಲ. ಹಳೆಯ ಕೆಂಪು ಬಣ್ಣ, ಕೈ ಊರುವ ಜಾಗದಲ್ಲಿ ಸವೆದು ಮರ ಕಾಣುತ್ತಿತ್ತು. ಅವನು ಮೊದಲು ನುಡಿಸಿದ. ಹೆಚ್ಚಿಗೇನಿಲ್ಲ, ನಿಧಾನವಾದ ನಾಲ್ಕಾರು ಸ್ವರ. ಆ ನಾದ ದುಂಡಗಿತ್ತು. ಒಂದು ಸ್ವರ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬಂತು.

"ಅರೇ ಬಾಪ್ ರೇ," ಎಂದಳು ಅಪೇಕ್ಷಾ.

"ಐಬು ಹೇಳಪ್ಪಾ," ಎಂದರು ಅನಂತರಾಮರು, ಆದರೆ ದನಿ ಮೆತ್ತಗಾಗಿತ್ತು.

"ಐಬು ಇತ್ತು ಸರ್. ಈಗ ಇಲ್ಲ. ಈಗ ಕೇಳಿದ್ರಲ್ಲ, ಅದೇ ಪಿಕಪ್ ನಾಲ್ಕು ವರ್ಷ ಸತ್ತಿತ್ತು. ನಮ್ಮ ಆಂಟಿ ಜೀವ ಕೊಟ್ರು. ಕಂಪನಿಯವರು ಎಷ್ಟು ಸುತ್ತಿದ್ರೋ ಅಷ್ಟೇ ಸುತ್ತು, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನೋಡಿ." ಅವನು ಜೇಬಿನಿಂದ ಚೀಟಿ ತೆಗೆದ. ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದ. ನಳಿನಾಕ್ಷಿಯ ಕೈಬರಹ ಪ್ಲಾಸ್ಟಿಕ್ಕಿನೊಳಗೆ ಮಿರಮಿರ ಮಿಂಚುತ್ತಿತ್ತು.

ಅನಂತರಾಮರು ಕನ್ನಡಕ ಏರಿಸಿ ಅದನ್ನು ಓದಿ, ಪೆನ್ನು ಎತ್ತಿಕೊಂಡರು. ಆಮೇಲೆ ಪೆನ್ನು ಹಾಗೇ ಹಿಡಿದು ನಳಿನಾಕ್ಷಿಯ ಕಡೆ ತಿರುಗಿದರು.

"ನಳಿನಾಕ್ಷಿಯವರೇ, ನನ್ನ ಮನೇಲಿ ಒಂದಿದೆ. ಈ ಒಂಬತ್ತರಲ್ಲಿ ಮೊದಲನೇದು. ಐದು ವರ್ಷದಿಂದ ಅದರ ಪಿಕಪ್ ಹೋಗಿದೆ, ಯಾರ ಕೈಗೂ ಕೊಟ್ಟಿಲ್ಲ. ಇಲ್ಲಿಗೆ ತಂದೂ ಇಲ್ಲ, ಮೂಕ ಗಿಟಾರು ಯಾಕೆ ತೋರಿಸೋದು ಅಂತ. ಅದನ್ನ ನಿಮ್ಮ ಕೈಗೆ ಕೊಡ್ತೀನಿ. ಕಣ್ಮುಚ್ಚಿ ಕೊಡ್ತೀನಿ."

"ಆಮೇಲೆ ನಂದೂ ಅದರಿ," ಎಂದ ಬಾಗಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ಪಂಪು ಸರಿಯಾದದ್ದಕ್ಕೆ ಯಾರೂ ನಳಿನಾಕ್ಷಿಗೆ ಚಪ್ಪಾಳೆ ತಟ್ಟಿರಲಿಲ್ಲ. ನೀರು ಬಂದರೆ ನಲ್ಲಿ ತಿರುಗಿಸುತ್ತಾರೆ, ಅಷ್ಟೆ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಅವಳ ಹೆಸರು, ಇಂಥ ಕೆಲಸ, ಇಂಥ ಜನ, ಎಲ್ಲ ಅವಳದಾಗುತ್ತಿತ್ತು. ನೂರು ಸುತ್ತನ್ನು ಯಾರು ಬಿಚ್ಚಿ ನೋಡುತ್ತಾರೆ? ಅನಂತರಾಮರ ಪೆನ್ನು ಕಾಗದಕ್ಕೆ ಇಳಿಯಿತು. ಏಳು ಬರೆದರು.

"ಅದನ್ನು ಬರೀಬೇಡಿ," ಎಂದಳು ನಳಿನಾಕ್ಷಿ. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. ಎದ್ದು ನಿಂತು ಮತ್ತೆ ಹೇಳಿದಳು. "ಬರೀಬೇಡಿ ಸರ್. ಆ ಚೀಟಿ ಸರಿ ಇಲ್ಲ. ನಂದೇ ತಪ್ಪು."

ತಂತಿ ತುಂಡಾದದ್ದು, ಫೋನು ಬಂದದ್ದು, ಹಿಂದಕ್ಕೆ ಬಿಚ್ಚಿದ್ದನ್ನು ಬರೆಯದೆ ಹೋದದ್ದು, ಎಲ್ಲವನ್ನೂ ಹೇಳಿದಳು. ಹೇಳುವಾಗ ಬಳೆ ಇಲ್ಲದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಉಜ್ಜುತ್ತಿದ್ದಳು. "ಏಳೂವರೆ ಸಾವಿರದ ಆಸುಪಾಸು ಇರಬಹುದು. ಸರಿಯಾಗಿ ಹೇಳ್ಲಿಕ್ಕೆ ನನ್ನಿಂದಾಗುದಿಲ್ಲ. ಒಳಗೆ ಒಂದು ಬೆಸುಗೆ ಕೂಡ ಉಂಟು. ಸುಪ್ರೀತ್ ಅವರೇ, ಅವತ್ತೇ ಹೇಳ್ಬೇಕಿತ್ತು. ಹದಿನೇಳು ದಿನ ಆಯ್ತು, ನನಗೆ ಧೈರ್ಯ ಬರ್ಲಿಲ್ಲ."

ಸುಪ್ರೀತ್ ಚೀಟಿಯನ್ನು ನೋಡಿದ, ಅವಳನ್ನು ನೋಡಿದ. "ಲ್ಯಾಮಿನೇಟ್ ಬೇರೆ ಮಾಡಿಸ್ಬಿಟ್ಟೆ ಆಂಟಿ..." ಎಂದ. ಅವನ ಮುಖ ಸಣ್ಣಗಾಗಿತ್ತು.

"ಅಯ್ಯ, ನೂರು ಸುತ್ತಿಗೆ ಏನ್ ಆಗ್ತದ ಬಿಡ್ರಿ," ಎಂದ ಬಾಗಿ. "ನಾವು ಟನ್ನಿಗೆ ಎರಡು ಕೆಜಿ ಲೆಕ್ಕಕ್ಕ ಹಿಡಿಯಂಗಿಲ್ಲ."

"ಕಿವಿಗೆ ಗೊತ್ತಾಗ್ಲಿಕ್ಕಿಲ್ಲ," ಎಂದಳು ನಳಿನಾಕ್ಷಿ. "ಆದ್ರೆ ನಾಳೆ ಯಾರಾದ್ರೂ ಚೀಟಿ ನಂಬಿ ಇನ್ನೊಂದು ಸುತ್ತಿದ್ರೆ? ಅವರಿಗೆ ನಾನು ಸುಳ್ಳು ಹೇಳಿದ ಹಾಗೆ ಆಗ್ತದೆ. ಬೇಕಾದ್ರೆ ಇವತ್ತೇ ಕೊಡಿ, ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತಿ ಕೊಡ್ತೇನೆ."

"ಬಿಚ್ಚೋದಾ?" ಸುಪ್ರೀತ್ ಗಿಟಾರನ್ನು ಎದೆಗೆ ಒತ್ತಿ ಹಿಡಿದ. "ಇಲ್ಲ ಇಲ್ಲ. ಈ ನಾದ ನನಗೆ ಬೇಕು. ಇದನ್ನ ಯಾರೂ ಬಿಚ್ಚೋ ಹಾಗಿಲ್ಲ. ನೀವೂ ಸಹ."

ಅನಂತರಾಮರು ಇಷ್ಟು ಹೊತ್ತು ಪುಸ್ತಕವನ್ನೇ ನೋಡುತ್ತಿದ್ದರು. ಈಗ ತಾವು ಬರೆದ ಏಳರ ಮೇಲೆ ಒಂದು ಅಡ್ಡಗೀಟು ಎಳೆದರು, ನಿಧಾನವಾಗಿ, ಮುಳ್ಳು ತೆಗೆಯುವವರ ಹಾಗೆ. "ಹನ್ನೊಂದು ವರ್ಷಕ್ಕೆ ಮೊದಲನೇದು," ಎಂದರು. "ಹೇಳಿ. ಏನಂತ ಬರೀಲಿ?"

"ಸುತ್ತು ಏಳೂವರೆ ಸಾವಿರದ ಹತ್ತಿರ, ಎಣಿಕೆ ತಪ್ಪಿದೆ. ಒಳಗೆ ಒಂದು ಬೆಸುಗೆ."

"ಸುತ್ತಿದವರ ಹೆಸರು?"

ಅವಳು ತಡವರಿಸಿದಳು. ತಪ್ಪಿನ ಪಕ್ಕದಲ್ಲಿ ಹೆಸರು. ಆಮೇಲೆ ಹೇಳಿದಳು. "ನಳಿನಾಕ್ಷಿ ವಾಸು ಪೂಜಾರಿ, ಉಲ್ಹಾಸನಗರ. ಸರಿಯಾಗಿ ಬರೀರಿ. ಬೇರೆ ಯಾರ ತಲೆಗೂ ಹೋಗುದು ಬೇಡ."

ಅವರು ಬರೆದರು. ಬರೆದು, ಶಾಯಿ ಒಣಗಲು ಪುಸ್ತಕವನ್ನು ಬಿಸಿಲಿಗೆ ತಿರುಗಿಸಿಟ್ಟರು. "ನನ್ನ ಗಿಟಾರಿನ ವಿಷಯ... ಸ್ವಲ್ಪ ಯೋಚನೆ ಮಾಡ್ತೀನಿ. ಕಣ್ಮುಚ್ಚಿ ಕೊಡ್ತೀನಿ ಅಂದಿದ್ದೆ, ಅದು ಆಗಲ್ಲ. ಬೇಜಾರು ಮಾಡ್ಕೋಬೇಡಿ."

"ಯೋಚನೆ ಮಾಡಿ ಸರ್. ಮಾಡ್ಲೇಬೇಕು," ಎಂದಳು. ನೋವಾಯಿತು, ಆದರೆ ಎದೆಯಲ್ಲಿ ಹದಿನೇಳು ದಿನದ ನಂತರ ಉಸಿರು ಪೂರ್ತಿ ಇಳಿಯಿತು. ಬುಟ್ಟಿಯ ಕಡೆಗೆ, ಬಳೆ ಎತ್ತಿಕೊಳ್ಳಲು, ಹೆಜ್ಜೆ ಹಾಕಿದಳು.

"ಎಲ್ಲಿಗ್ರಿ ಅಕ್ಕಾರ?" ಎಂದ ಬಾಗಿ. "ಐಬು ಹೇಳೀರಿ. ಇನ್ನ ಹೊಗಳೂದು ಬಾಕಿ ಅದ."

"ಹೌದು ಆಂಟೀ, ನಿಯಮ್ ಅಂದ್ರೆ ನಿಯಮ್," ಎಂದು ಅಪೇಕ್ಷಾ ಸುಪ್ರೀತನ ಕೈಯಿಂದ ಗಿಟಾರು ತೆಗೆದು, ನಳಿನಾಕ್ಷಿಯನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ಅವಳ ಮಡಿಲಲ್ಲಿಟ್ಟಳು.

"ನಾನಾ? ನನ್ನ ಕೆಲಸವನ್ನು ನಾನೇ?"

"ಮತ್ತ್ ಯಾರು, ನಾನೇನ್ ಸುತ್ತೇನಿ?" ಎಂದ ಬಾಗಿ.

ಗಿಟಾರು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಹೆಬ್ಬೆರಳಿನಿಂದ ಒಂದು ತಂತಿಯನ್ನು ಮೀಟಿದಳು. ಮೂಲೆಯ ಸ್ಪೀಕರ್ ಪೆಟ್ಟಿಗೆಯಿಂದ ನಾದ ಬಂದು, ಕೋಣೆ ತುಂಬಿ, ತಗ್ಗಿತು. ಅದು ತಗ್ಗಿದ ಮೇಲೆಯೂ ಅವಳು ಕಿವಿಗೊಟ್ಟಿದ್ದಳು. ಕೆಟ್ಟ ಸುರುಳಿ ಸುಮ್ಮನಿರುವುದಿಲ್ಲ, ಕೀಂ ಎನ್ನುತ್ತದೆ. ಇದು ಎನ್ನಲಿಲ್ಲ.

"ಕೀಂ ಅನ್ನುದಿಲ್ಲ, ನೋಡಿ," ಎಂದಳು. "ಯಾಕೆ ಅಂದ್ರೆ ಒಂದು ಸುತ್ತು ಕೂಡ ಸಡಿಲ ಇಲ್ಲ. ಸುತ್ತಿದ ಮೇಲೆ ಕರಗಿದ ಮೇಣದಲ್ಲಿ ಮುಳುಗಿಸಿದ್ದು, ಗುಳ್ಳೆ ನಿಲ್ಲುವವರೆಗೆ. ತೆಗೆಯುವ ಗಳಿಗೆ ನೋಡ್ಬೇಕು. ಬೇಗ ತೆಗೆದ್ರೆ ಒಳಗೆ ಗಾಳಿ ಉಳೀತದೆ, ತಡ ಮಾಡಿದ್ರೆ ಬಾಬಿನ್ ಸೊಟ್ಟ ಆಗ್ತದೆ. ಬೆಸುಗೆ ಹಾಕಿದ್ದು ಹೇಳಿದೆನಲ್ಲ, ಅದು ಎಳ್ಳಿನ ಕಾಲು ಭಾಗ ಇಲ್ಲ. ಕೈಯಲ್ಲಿ ಸವರಿದ್ರೆ ನನಗೇ ಸಿಗುದಿಲ್ಲ." ಅವಳು ನಿಲ್ಲಿಸಲಿಲ್ಲ. ಪದರದ ಮೇಲೆ ಪದರ ಹೇಗೆ ಕೂರಬೇಕು, ಅಂಚಿನಲ್ಲಿ ಗುಡ್ಡೆಯಾಗದಂತೆ ಬೆರಳು ಹೇಗೆ ಅತ್ತಿತ್ತ ಓಡಬೇಕು, ಎಲ್ಲ ಹೇಳಿದಳು. ಬಾಗಿಯ ಚಹಾ ತಣ್ಣಗಾಯಿತು. ಕೊನೆಗೆ ಬೆನ್ನು ನೆಟ್ಟಗೆ ಮಾಡಿ ಹೇಳಿದಳು: "ಎಣಿಕೆ ತಪ್ಪಿತು. ಆದ್ರೆ ಸುತ್ತಿದ್ದು ಚಂದ ಸುತ್ತಿದ್ದೇನೆ. ಈ ಕಡೆ ಇಷ್ಟು ಚಂದ ಸುತ್ತುವವರು ಬೇರೆ ಇಲ್ಲ."

ಸುಪ್ರೀತನ ಮುಖ ಮತ್ತೆ ಅಗಲವಾಗಿತ್ತು. ಮುಂದಿನ ತಿಂಗಳು ಬರುವ ಹೊಸಬರಿಗೆ ಐಬನ್ನು ತಾನೇ ಹೇಳುವುದೆಂದೂ, ಆಂಟಿ ಹೇಳಿದ ಹಾಗೆಯೇ ಹೇಳುವುದೆಂದೂ ಅವನು ಅಪೇಕ್ಷಾಳಿಗೆ ಪಿಸುಗುಟ್ಟುತ್ತಿದ್ದ.

ಅನಂತರಾಮರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ತಂತಿ ಎಷ್ಟು ಎಳೀಬೇಕು ಅನ್ನೋದು ನಿಮ್ಮ ಬೆರಳಿಗೆ ಹೇಗೆ ಗೊತ್ತಾಗುತ್ತೆ?"

ಹೇಳಿ ತಿಳಿಸುವ ವಿಷಯವಲ್ಲ ಅದು. ನಳಿನಾಕ್ಷಿ ಸೀರೆಯ ಸೆರಗಿನ ಅಂಚಿನಿಂದ ಒಂದು ನೂಲೆಳೆ ಕಿತ್ತಳು. "ಬೆರಳು ಕೊಡಿ," ಎಂದಳು. ಒಂಬತ್ತು ಗಿಟಾರುಗಳ ಒಡೆಯರು ಶಾಲೆಯ ಹುಡುಗನಂತೆ ತೋರುಬೆರಳು ಚಾಚಿದರು. ಅವಳು ನೂಲನ್ನು ಅದಕ್ಕೆ ಸುತ್ತಿ, ತನ್ನ ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದಳು.

"ಇಷ್ಟು. ಇದಕ್ಕಿಂತ ಒಂಚೂರು ಜಾಸ್ತಿಯಾದ್ರೆ ತುಂಡಾಗ್ತದೆ. ಒಂಚೂರು ಕಮ್ಮಿಯಾದ್ರೆ ಕೀಂ ಅಂತದೆ. ಗೊತ್ತಾಯ್ತಾ?"

ಅನಂತರಾಮರು ಕಣ್ಣು ಮುಚ್ಚಿಕೊಂಡಿದ್ದರು. "ಇನ್ನೊಂದ್ಸಲ," ಎಂದರು.